ಹತ್ತು ಬೆರಳಿನ ಕರೆ

"ಕೂತ್ಕೊಳ್ಳಿ ಮೇಡಂ," ಅಂದ ಮ್ಯಾನೇಜರ್, ಮೂರನೇ ಸಲ.

ಇನ್‌ಸ್ಪೆಕ್ಟರ್ ಕೂರಲಿಲ್ಲ. ಮೇಜಿನ ಆ ತುದಿಯಿಂದ ಈ ತುದಿಗೆ ನಡೆದಳು, ಕಿಟಕಿಯ ಪರದೆ ಸರಿಸಿ ಕೆಳಗೆ ನಿಂತ ಜೀಪು ನೋಡಿದಳು, ಮತ್ತೆ ಬಂದಳು.

"ನನಗೆ ಬೇಕಾಗಿರೋದು ಒಂದೇ. ಮಂಗಳವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಬೈಂಡರ್ ತನ್ನ ಅಕ್ಕನಿಗೆ ಮಾಡಿದ ಕರೆ. ಅದರಲ್ಲಿ ಏನು ಮಾತಾಯ್ತು?"

"ಕೋರ್ಟ್ ಆರ್ಡರಲ್ಲಿ ಇದ್ದಿದ್ದೆಲ್ಲ ಕೊಟ್ಟಿದ್ದೀನಲ್ಲ. ಯಾರ ಖಾತೆ, ಯಾವ ನಂಬರಿಗೆ, ಎಷ್ಟು ನಿಮಿಷ, ಯಾವ ಕ್ಯಾಬಿನ್. ಮಾತು ನಮ್ಮ ಹತ್ರ ಉಳಿಯಲ್ಲ. ರೆಕಾರ್ಡ್ ಮಾಡೋ ಹಾಗೇ ಇಲ್ಲ."

"ಮಾತು ದಾಟಿಸಿದೋರ ತಲೆಯಲ್ಲಿ ಉಳಿದಿರುತ್ತಲ್ಲ?"

"ಅದನ್ನ ಕೋರ್ಟೂ ಕೇಳಿಲ್ಲ, ಮೇಡಂ." ಮ್ಯಾನೇಜರ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. "ಇಲ್ಲಿ ಕೆಲಸ ಮಾಡೋರು ಬಾಯಿ ಬಿಟ್ರು ಅಂತ ಒಂದು ಸಲ ಸುದ್ದಿಯಾದ್ರೆ ಸಾಕು, ನಾಳೆಯಿಂದ ಯಾರೂ ಫೋನ್ ಮಾಡಲ್ಲ. ನಾವು ಬಾಗಿಲು ಮುಚ್ಚಿಕೊಂಡು ಮನೆಗೆ ಹೋಗಬೇಕಾಗುತ್ತೆ."

ಬೈಂಡರ್ ಕಾಣೆಯಾಗಿ ನಾಲ್ಕು ದಿನವಾಗಿತ್ತು. ಪುಸ್ತಕಕ್ಕೆ ರಟ್ಟು ಹಾಕಿ ಹೊಲಿಯುವುದು ಅವನ ಕಸುಬು. ಹುಟ್ಟಿನಿಂದ ಕಿವಿ ಕೇಳದು. ಸೋಮವಾರ ಸಂಜೆಯಿಂದ ಅಂಗಡಿಯ ಬಾಗಿಲು ಅರ್ಧ ತೆರೆದೇ ಇದೆ ಅಂತ ದೂರು ಕೊಟ್ಟವನು ಪಕ್ಕದ ಗಡಿಯಾರ ರಿಪೇರಿಯವನು. ಒಡಹುಟ್ಟಿದ ಅಕ್ಕ ಮಾತ್ರ ದೂರು ಬೇಡವೇ ಬೇಡ ಅಂದಿದ್ದಳು. "ಅವನೇ ಮಂಗಳವಾರ ಫೋನ್ ಮಾಡಿದ್ದ. ಎರಡು ತಿಂಗಳು ಬೇರೆ ಊರಲ್ಲಿ ಕೆಲಸವಂತೆ. ಸುಮ್ಮನೆ ಯಾಕೆ ಗಲಾಟೆ?"

ಕಿವಿ ಕೇಳದವನು ಫೋನ್ ಮಾಡುವುದು ಹೇಗೆ ಅಂತ ತಿಳಿದುಕೊಳ್ಳಲೆಂದೇ ಇನ್‌ಸ್ಪೆಕ್ಟರ್ ಮೊದಲ ಸಲ ಈ ರಿಲೇ ಸೆಂಟರಿಗೆ ಬಂದದ್ದು. ಅವನು ಮೊಬೈಲಿನ ಕ್ಯಾಮೆರಾ ಮುಂದೆ ಕೈಯಲ್ಲಿ ಮಾತಾಡುತ್ತಾನೆ. ಇಲ್ಲಿ ಕೂತ ಇಂಟರ್‌ಪ್ರಿಟರ್ ಅದನ್ನು ನೋಡಿ ಆ ಕಡೆಯವರಿಗೆ ಬಾಯಲ್ಲಿ ಹೇಳುತ್ತಾರೆ. ಆ ಕಡೆಯವರ ಮಾತನ್ನು ಕೈಯಲ್ಲಿ ತಿರುಗಿಸಿ ಕೊಡುತ್ತಾರೆ. 'ಅವನು ಹೀಗಂತಾನೆ' ಅನ್ನುವ ಹಾಗಿಲ್ಲ. 'ನಾನು' ಅಂತಲೇ ಹೇಳಬೇಕು. ಅಕ್ಕ ಮಂಗಳವಾರ ಕೇಳಿದ್ದು ತಮ್ಮನ ಮಾತು. ದನಿ ಯಾವುದೋ ಹೆಂಗಸಿನದು.

ಅಕ್ಕನನ್ನು ನಂಬಿ ಫೈಲು ಮುಚ್ಚಬಹುದಿತ್ತು. ಮುಚ್ಚಲು ಬಿಡದೆ ಕಾಡುತ್ತಿದ್ದುದು ಅಂಗಡಿಯಲ್ಲಿ ಕಂಡ ಎರಡು ಸಂಗತಿ.

ಒಂದು, ಅಂಟಿನ ಡಬ್ಬಿ. ಅದರೊಳಗೆ ಬ್ರಷ್ಷು ನಿಂತಲ್ಲೇ ಒಣಗಿ ಕಲ್ಲಾಗಿತ್ತು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನು ಬ್ರಷ್ಷು ತೊಳೆಯದೆ ಊರಿಗೆ ಹೊರಡುವುದಿಲ್ಲ.

ಎರಡು, ಒಂದು ಚೀಟಿ. ಕಿವುಡ ಮಕ್ಕಳ ಶಾಲೆಯೊಂದರಿಂದ ಹಳೇ ಹಾಜರಿ ರಿಜಿಸ್ಟರ್ ಒಂಬತ್ತು, ಹೊಸ ರಟ್ಟು ಹಾಕಿಸಲು ಬಂದಿವೆ ಅಂತ ಅದರಲ್ಲಿತ್ತು. ಕಪಾಟಿನಲ್ಲಿ ಇದ್ದದ್ದು ಎಂಟು. ಅವನ್ನು ತಂದುಕೊಟ್ಟ ಶಾಲೆಯ ಗುಮಾಸ್ತ ಸೋಮವಾರದಿಂದ ರಜೆ. ಆ ಒಂಬತ್ತನೆಯದರಲ್ಲಿ ಯಾರಿಗೋ ಹೊರಬೀಳಬಾರದ್ದು ಏನೋ ಇದೆ ಅನ್ನುವುದು ಅವಳ ಅನುಮಾನ.

"ಮಂಗಳವಾರ ಹನ್ನೊಂದರಿಂದ ಹನ್ನೆರಡರವರೆಗೆ ನೀವು ಎಲ್ಲಿದ್ರಿ?" ಇನ್‌ಸ್ಪೆಕ್ಟರ್ ಇದ್ದಕ್ಕಿದ್ದ ಹಾಗೆ ಕೇಳಿದಳು.

ಮ್ಯಾನೇಜರ್ ಕರವಸ್ತ್ರ ಅಲ್ಲೇ ನಿಂತಿತು. "ನಾನಾ?"

"ನಿಮಗೂ ಸನ್ನೆ ಭಾಷೆ ನೀರು ಕುಡಿದಷ್ಟು ಸಲೀಸಲ್ಲವಾ? ಗೇಟಿನ ಪುಸ್ತಕದಲ್ಲಿ ನೀವು ಹತ್ತೂ ಐವತ್ತಕ್ಕೆ ಹೊರಗೆ, ಹನ್ನೆರಡಕ್ಕೆ ಒಳಗೆ."

"ಹಲ್ಲು ಕೀಳಿಸೋಕೆ ಹೋಗಿದ್ದೆ, ಮೇಡಂ." ಅವನು ಬಾಯಿ ತೆರೆದು, ಬೆರಳಿನಿಂದ ತುಟಿ ಎಳೆದು, ದವಡೆಯ ಸಂದು ತೋರಿಸಲು ಹೊರಟ.

"ಬಾಯಿ ಮುಚ್ಚಿ. ಏಳನೇ ಕ್ಯಾಬಿನ್ ಎಲ್ಲಿ?"

*

ಏಳನೇ ಕ್ಯಾಬಿನ್ನಿನವಳನ್ನು ಎಲ್ಲರೂ 'ಏಳು' ಅಂತಲೇ ಕರೆಯುತ್ತಿದ್ದರು. ಇಲ್ಲಿ ಹೆಸರು ಹೇಳುವ ಪದ್ಧತಿ ಇಲ್ಲ. ಕರೆ ಶುರುವಾದಾಗಲೂ ನಂಬರೇ. "ಏಳು ಅಂತ ಕೂಗಿದ್ರೂ ಏಳದೆ ಕೂತಿರೋಳು ಇವಳೊಬ್ಬಳೇ," ಅನ್ನುವುದು ಆ ಮಹಡಿಯ ಹಳೇ ತಮಾಷೆ.

ಅವಳು ಎರಡೂ ಮಣಿಕಟ್ಟಿಗೆ ಬಿಸಿ ಟವೆಲ್ ಸುತ್ತಿಕೊಂಡು ಕೂತಿದ್ದಳು. ಕಪ್ಪು ಅಂಗಿ. ಬಳೆ ಇಲ್ಲ, ಉಂಗುರ ಇಲ್ಲ, ಉಗುರು ಬುಡಕ್ಕೇ ಕತ್ತರಿಸಿದ್ದು. ಬೆನ್ನ ಹಿಂದೆ ಬಣ್ಣವಿಲ್ಲದ ಬಟ್ಟೆ, ಎರಡೂ ಪಕ್ಕ ದೀಪ. ಕೈ ಬಿಟ್ಟರೆ ಬೇರೇನೂ ಕಣ್ಣಿಗೆ ಬೀಳಬಾರದು ಅನ್ನುವ ಹಾಗೆ ಆ ಗೂಡನ್ನು ಮಾಡಿದ್ದರು.

"ಆ ಕುರ್ಚಿ ಬೇಡ, ಮೇಡಂ. ಈ ಕಡೆದರಲ್ಲಿ ಕೂತ್ಕೊಳ್ಳಿ," ಅಂದಳು ಏಳನೆಯವಳು. "ಆಗ ನಿಮ್ಮ ಬಲಗಿವಿ ನನ್ನ ಕಡೆ ಬರುತ್ತೆ."

ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತಳು. "ಯಾರು ಹೇಳಿದ್ರು ನಿಮಗೆ?"

"ಯಾರೂ ಇಲ್ಲ. ಈಗ ತಾನೇ ಮ್ಯಾನೇಜರ್ ನಿಮ್ಮ ಎಡಗಡೆಯಿಂದ ಏನೋ ಕೇಳಿದ್ರು. ನೀವು ನಕ್ಕು ತಲೆ ಆಡಿಸಿದ್ರಿ. ಅವರು ಕೇಳಿದ್ದು ಟೀನಾ ಕಾಫೀನಾ ಅಂತ."

ಇನ್‌ಸ್ಪೆಕ್ಟರ್ ಬಾಗಿಲು ಹಾಕಿದಳು.

"ಕೇಳಿಸದೇ ಇದ್ದಾಗ ಜನ ನಗ್ತಾರೆ," ಏಳನೆಯವಳು ಟವೆಲ್ ಬಿಚ್ಚುತ್ತ ಹೇಳಿದಳು. "ನಮ್ಮಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಲ್ಲ. ಆ ನಗು ನೋಡ್ಕೊಂಡೇ ಬೆಳೆದೋಳು ನಾನು. ಎಡಗಿವಿ ಹೋಗಿ ಎಷ್ಟು ದಿನ ಆಯ್ತು?"

"ಎರಡು ವರ್ಷ."

ಅಂದಮೇಲೆ ಇನ್‌ಸ್ಪೆಕ್ಟರ್‌ಗೇ ಗಾಬರಿಯಾಯಿತು. ಈ ಎರಡು ವರ್ಷದಲ್ಲಿ ಈ ಮಾತು ಅವಳ ಬಾಯಿಂದ ಒಮ್ಮೆಯೂ ಹೊರಬಿದ್ದಿರಲಿಲ್ಲ. ಗಂಡನಿಗೆ ಗೊತ್ತಿಲ್ಲ. ಇಲಾಖೆಗೆ ಗೊತ್ತಾದರೆ ನಾಳೆಯೇ ಕಡತ ಜೋಡಿಸುವ ಕೋಣೆಗೆ ವರ್ಗ.

"ಇದು ಈ ಕ್ಯಾಬಿನ್ ದಾಟಲ್ಲ," ಅಂದಳು ಏಳನೆಯವಳು. "ಹೇಳಿದ ಮೇಲೆ ಸ್ವಲ್ಪ ಹಗುರ ಆಯ್ತಲ್ವಾ? ಇಲ್ಲಿಗೆ ಫೋನ್ ಮಾಡೋರಿಗೂ ಅಷ್ಟೇ ಬೇಕಾಗಿರೋದು. ಅದನ್ನ ನಾನು ನಿಮ್ಮ ಕೈಗೆ ಹೇಗೆ ಕೊಡ್ಲಿ?"

ಇನ್‌ಸ್ಪೆಕ್ಟರ್ ಕೊನೆಗೂ ಕೂತಳು. ಏಳನೆಯವಳು ತೋರಿಸಿದ ಕುರ್ಚಿಯಲ್ಲೇ.

"ಒಬ್ಬ ಮನುಷ್ಯ ಕಾಣ್ತಿಲ್ಲ."

"ಗೊತ್ತು."

"ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ."

"ಮೇಡಂ, ನಾನು ಎಂಟು ವರ್ಷದೋಳಿದ್ದಾಗ ಈ ಸೆಂಟರ್ ಇರಲಿಲ್ಲ. ಅಮ್ಮನಿಗೆ ಡಾಕ್ಟರ್ ಹತ್ರ ಮಾತಾಡಬೇಕಂದ್ರೆ ಎದುರು ಮನೆಯೋರ ಫೋನು, ಎದುರು ಮನೆಯೋರ ಬಾಯಿ. ಅಮ್ಮನ ಹೊಟ್ಟೆಯೊಳಗಿನ ಗಂಟಿನ ವಿಷಯ ಅಮ್ಮನಿಗಿಂತ ಮುಂಚೆ ಬೀದಿಗೆಲ್ಲ ಗೊತ್ತಾಯ್ತು. ತರಕಾರಿ ಅಂಗಡಿಯೋನು ಅಮ್ಮನ ಮುಖ ನೋಡಿ ಅಯ್ಯೋ ಪಾಪ ಅಂತ ಎರಡು ನಿಂಬೆಹಣ್ಣು ಸುಮ್ಮನೆ ಹಾಕಿದ. ಯಾಕೆ ಅಂತ ಅಮ್ಮ ನನ್ನ ಕೇಳಿದ್ಲು. ಹೇಳಿದ್ದು ನಾನು. ಎಂಟು ವರ್ಷದೋಳು." ಅವಳು ಟವೆಲನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಅವತ್ತಿಂದ ನನಗೆ ಗುಟ್ಟು ಅಂದ್ರೆ ಏನು ಅಂತ ಯಾರೂ ಪಾಠ ಹೇಳಬೇಕಾಗಿಲ್ಲ."

ಇನ್‌ಸ್ಪೆಕ್ಟರ್ ಜೇಬಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು.

"ನನಗೆ ಮಾತು ಬೇಡ. ಏನು ಹೇಳಿದ, ಏನು ಕೇಳಿದ, ಯಾವುದೂ ಬೇಡ. ಗುಟ್ಟು ಯಾರದು? ಖಾತೆ ಯಾರದೋ ಅವನದು, ಅಲ್ವಾ?"

"ಹೌದು."

"ಕದ್ದ ಫೋನಲ್ಲಿ ಕದ್ದ ಖಾತೆಯಿಂದ ಬೇರೆ ಯಾರೋ ಮಾತಾಡಿದ್ರೆ?"

ಏಳನೆಯವಳ ಕೈ ನಿಂತಿತು.

"ಮುಖ ನೋಡಿದ್ರಾ ಅವತ್ತು?"

"ಟೋಪಿ, ಮಾಸ್ಕು." ಅಂದುಬಿಟ್ಟು ತುಟಿ ಕಚ್ಚಿಕೊಂಡಳು. ಆಮೇಲೆ ನಿಧಾನವಾಗಿ, "ಮಾಸ್ಕ್ ತೆಗೀರಿ ಅಂತ ಕೇಳಿದ್ದೆ. ಮುಖವೂ ನಮಗೆ ಮಾತೇ. ಮುಖ ಮುಚ್ಕೊಂಡು ಸನ್ನೆ ಮಾಡೋದು ಅಂದ್ರೆ ಬಾಯಿಗೆ ಬಟ್ಟೆ ತುರುಕ್ಕೊಂಡು ಮಾತಾಡಿದ ಹಾಗೆ. ಜ್ವರ, ತೆಗಿಯಲ್ಲ ಅಂದ್ರು. ಅವರಿಷ್ಟ. ನಾವು ಗುರುತಿನ ಚೀಟಿ ಕೇಳೋ ಹಾಗಿಲ್ಲ."

ಇನ್‌ಸ್ಪೆಕ್ಟರ್ ಫೋಟೋ ತಿರುಗಿಸಿದಳು.

ಹೊಸ ರಟ್ಟಿನ ದಪ್ಪ ಪುಸ್ತಕವೊಂದನ್ನು ಎದೆಗೆ ಒರಗಿಸಿಕೊಂಡು ಬೈಂಡರ್ ನಗುತ್ತಿದ್ದ. ಬಲಗೈ ಪುಸ್ತಕದ ಮೇಲೆ. ಆ ಕೈಯಲ್ಲಿ ಮೂರೇ ಬೆರಳು. ಕಿರುಬೆರಳು, ಉಂಗುರ ಬೆರಳು ಎರಡೂ ಬುಡದಿಂದಲೇ ಇಲ್ಲ. ಕಾಗದ ಕತ್ತರಿಸುವ ಯಂತ್ರ ಹದಿನಾರು ವರ್ಷದ ಹಿಂದೆಯೇ ಅವನ್ನು ತೆಗೆದುಕೊಂಡಿತ್ತು.

ಏಳನೆಯವಳು ಫೋಟೋ ಕೈಗೆತ್ತಿಕೊಂಡಳು. ದೀಪದ ಹತ್ತಿರ ಹಿಡಿದಳು. ಅವಳದೇ ಬಲಗೈ ತನ್ನಷ್ಟಕ್ಕೆ ಗಾಳಿಯಲ್ಲಿ ಏನೋ ಬರೆದು ನೋಡಿತು, ಎರಡು ಬೆರಳು ಮಡಚಿ ಒಮ್ಮೆ, ಬಿಡಿಸಿ ಒಮ್ಮೆ.

ಹೊರಗೆ ಯಾರೋ ಕುರ್ಚಿ ಎಳೆದ ಸದ್ದು. ಇನ್‌ಸ್ಪೆಕ್ಟರ್ ಕಾಲು ಅಲ್ಲಾಡಿಸುತ್ತಿದ್ದಳು, ನಿಲ್ಲಿಸಲು ಆಗುತ್ತಿರಲಿಲ್ಲ.

"ಆ ಕರೆ ಈ ಕೈಯದ್ದಲ್ಲ," ಅಂದಳು ಏಳನೆಯವಳು.

"ಗ್ಯಾರಂಟಿ?"

"ಹತ್ತು ಬೆರಳಿದ್ವು. ಹತ್ತೂ ಕೆಲಸ ಮಾಡ್ತಿದ್ವು. ಶಾಲೆಯಲ್ಲಿ ಕಲಿತ ಕೈ, ಅಚ್ಚುಕಟ್ಟು. ಬೆರಳು ಕಳಕೊಂಡೋರ ಸನ್ನೆಗೆ ಒಂದು ಬಾಗು ಇರುತ್ತೆ, ಕುಂಟೋರ ನಡಿಗೆ ಹಾಗೆ. ಅದಿರಲಿಲ್ಲ." ಅವಳು ಫೋಟೋ ಕೆಳಗಿಟ್ಟಳು. ದನಿ ತಗ್ಗಿತು. "ಇನ್ನೊಂದು. ಅವತ್ತಿಂದ ನನ್ನ ತಿಂತಾ ಇದೆ. ಕರೆ ನಡೀತಿದ್ದಾಗ ಆ ಕಡೆ ಎಲ್ಲೋ ಬೆಲ್ ಆಯ್ತು. ಅವರ ಕಡೆಯ ಸದ್ದು ನಮಗೆ ಬರುತ್ತೆ, ನಮ್ಮ ಸದ್ದು ಅವರಿಗೆ ಹೋಗಲ್ಲ. ನನಗೂ ಕೇಳಿಸ್ತು."

"ಹ್ಞೂಂ?"

"ಅವನು ತಿರುಗಿ ನೋಡಿದ."

ಇನ್‌ಸ್ಪೆಕ್ಟರ್ ಕುರ್ಚಿ ಹಿಂದಕ್ಕೆ ತಳ್ಳಿದಳು.

"ಮೂರು ದಿನ ಇದನ್ನ ಇಟ್ಕೊಂಡು ಕೂತಿದ್ರಾ?" ಇನ್‌ಸ್ಪೆಕ್ಟರ್ ದನಿ ಒರಟಾಯಿತು.

"ಸ್ವಲ್ಪ ಸ್ವಲ್ಪ ಕೇಳಿಸೋರೂ ಇರ್ತಾರೆ, ಮೇಡಂ," ಅಂದಳು ಏಳನೆಯವಳು. "ಒಂದೇ ಕಿವಿ ಕೇಳಿಸೋರೂ ಇರ್ತಾರೆ."

ಇನ್‌ಸ್ಪೆಕ್ಟರ್ ಎದ್ದು, ಬಾಗಿಲು ತೆಗೆದು, ಮ್ಯಾನೇಜರನ್ನು ಕರೆದಳು.

*

"ಇವತ್ತು ಆ ಟೋಪಿಯೋನು ಮತ್ತೆ ಫೋನ್ ಮಾಡ್ತಾನೆ," ಅಂದಳು ಇನ್‌ಸ್ಪೆಕ್ಟರ್, ಹತ್ತು ಬೆರಳು, ಬೆಲ್ ಎರಡನ್ನೂ ಮ್ಯಾನೇಜರ್‌ಗೆ ತಿಳಿಸಿ.

"ಹೇಗೆ ಹೇಳ್ತೀರ?"

"ಬೆಳಿಗ್ಗೆ ಎಂಟಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಒಂಬತ್ತನೇ ರಿಜಿಸ್ಟರ್ ಸಿಗೋವರೆಗೂ ಬಿಡಲ್ಲ, ಮನೆಯನ್ನೂ ಶೋಧಿಸ್ತೀವಿ ಅಂತ ಬೇಕಂತಲೇ ಹೇಳಿ ಬಂದೆ. ಜೇನುಗೂಡಿಗೆ ಕಲ್ಲು ಹೊಡೆದಿದ್ದೀನಿ. ಆ ಮನೆ ಮೇಲೆ ಅವನ ಕಣ್ಣು ಇದ್ದೇ ಇರುತ್ತೆ. ಅಕ್ಕನ ಹತ್ರ ಏನಾಯ್ತು ಅಂತ ಕೇಳದೇ ಅವನಿಗೆ ಇರೋಕಾಗಲ್ಲ."

"ಅಕ್ಕನಿಗೆ ನೇರವಾಗಿ ಮಾಡಬಹುದಲ್ಲ? ಅವನಿಗೆ ಕಿವಿ ಕೇಳುತ್ತೆ ಅಂತೀರಿ."

ಆ ಪ್ರಶ್ನೆ ಇನ್‌ಸ್ಪೆಕ್ಟರ್ ತಲೆಯಲ್ಲೂ ಗಿರಕಿ ಹೊಡೆಯುತ್ತಿತ್ತು. ಅದಕ್ಕೆ ಉತ್ತರ ಆಗ ಹೊಳೆಯಿತು.

"ನೇರವಾಗಿ ಮಾಡಿದ್ರೆ ನಾವು ಕದ್ದು ಕೇಳ್ತೀವಿ. ಇಲ್ಲಿಂದ ಮಾಡಿದ್ರೆ ಕಾಣೋದು ನಿಮ್ಮ ನಂಬರು. ರೆಕಾರ್ಡ್ ಇಲ್ಲ. ಮಧ್ಯದಲ್ಲಿರೋರು ಸತ್ರೂ ಬಾಯಿ ಬಿಡಲ್ಲ. ಜೊತೆಗೆ ಬೈಂಡರ್ ಬದುಕಿದ್ದಾನೆ, ಫೋನ್ ಮಾಡ್ತಿದ್ದಾನೆ ಅಂತ ನಿಮ್ಮ ಪುಸ್ತಕದಲ್ಲೇ ಸಾಕ್ಷಿ. ಇದಕ್ಕಿಂತ ಭದ್ರವಾದ ಫೋನು ಅವನಿಗೆ ಇನ್ನೆಲ್ಲಿ ಸಿಗುತ್ತೆ?"

ಮ್ಯಾನೇಜರ್ ಮುಖ ಸಪ್ಪಗಾಯಿತು. ತನ್ನ ಮನೆಯ ಬೀಗವನ್ನೇ ಕಳ್ಳ ಹೊಗಳಿದ ಹಾಗಾಗಿತ್ತು ಅವನಿಗೆ.

"ಆ ಖಾತೆಯಿಂದ ಕರೆ ಬಂದ್ರೆ ಈ ಕ್ಯಾಬಿನ್ನಿಗೇ ಬರಬೇಕು," ಅಂದಳು ಇನ್‌ಸ್ಪೆಕ್ಟರ್.

ಅವನು ಕರವಸ್ತ್ರ ಮಡಚಿ ಜೇಬಿಗಿಟ್ಟ. "ಯಾರ ಕರೆ ಯಾವ ಕುರ್ಚಿಗೆ ಅನ್ನೋದು ನನ್ನ ಕೈಲಿದೆ. ಅದನ್ನ ಮಾಡ್ತೀನಿ. ಒಳಗಿನ ಮಾತು ನನ್ನ ಕೈಲಿಲ್ಲ. ಅದು ಅವಳಿಗೆ ಬಿಟ್ಟದ್ದು."

ಏಳನೆಯವಳು ಹೊಸಬರಿಗೆ ಕಲಿಸಲು ಇಟ್ಟಿದ್ದ ಎರಡನೇ ಹೆಡ್‌ಸೆಟ್ ತೆಗೆದು ಒರೆಸಿದಳು. "ಒಂದು ಷರತ್ತು. ಪರದೆ ಮೇಲೆ ಬಂದೋರು ನಿಜವಾಗಿ ಬೈಂಡರ್ ಆಗಿದ್ರೆ, ಆ ಕ್ಷಣವೇ ನೀವು ಇದನ್ನ ತೆಗೆದು ಆಚೆ ಹೋಗಬೇಕು. ಯಾಕೆ ಏನು ಅಂತ ಕೇಳಬಾರದು."

"ಆಗಲಿ."

"ಇನ್ನೊಂದು. ನಾನು ಒಂದು ಮಾತು ಸೇರಿಸಲ್ಲ, ಒಂದು ಮಾತು ಬಿಡಲ್ಲ. ಅದು ಕೇಳು, ಇದು ಕೇಳು ಅಂತ ನನ್ನ ತಿವೀಬೇಡಿ."

ಅದಕ್ಕೆ ಇನ್‌ಸ್ಪೆಕ್ಟರ್ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ.

ಒಂದು ಗಂಟೆ ಕಳೆಯಿತು. ಟೀ ಬಂತು, ಆರಿತು. ಪಕ್ಕದ ಕ್ಯಾಬಿನ್ನುಗಳಿಂದ ತುಂಡು ತುಂಡು ಮಾತು ಗಾಜು ದಾಟಿ ಬರುತ್ತಿತ್ತು. ಯಾರದೋ ಗ್ಯಾಸ್ ಮುಗಿದಿತ್ತು. ಯಾರಿಗೋ ಹೆಣ್ಣು ಮಗು ಹುಟ್ಟಿತ್ತು. ಗಡಸು ದನಿಯ ಗಂಡಸೊಬ್ಬ, "ಅಮ್ಮಾ, ನಾನು ತಾಯಿಯಾದೆ," ಅಂತ ಖುಷಿಯಿಂದ ಹೇಳುತ್ತಿದ್ದ. ಬೇರೆ ದಿನವಾಗಿದ್ದರೆ ಇನ್‌ಸ್ಪೆಕ್ಟರ್ ನಗುತ್ತಿದ್ದಳು.

ಗೋಡೆಗೆ ಒರಗಿದಳು. ಕೂತಳು. ಎದ್ದಳು. ಜೀಪಿನಲ್ಲಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಮೆಸೇಜ್ ಕಳಿಸಿದಳು: ಎಂಜಿನ್ ಆಫ್ ಮಾಡಬೇಡಿ.

ಹನ್ನೆರಡು ಇಪ್ಪತ್ತಕ್ಕೆ ಪರದೆಯ ಅಂಚಿನಲ್ಲಿ ಕೆಂಪು ದೀಪ ಮಿನುಗಿತು.

"ಅದೇ ಖಾತೆ," ಅಂದಳು ಏಳನೆಯವಳು. "ಕೆಳಗೆ ಕೂತ್ಕೊಳ್ಳಿ. ಕ್ಯಾಮೆರಾಗೆ ಸಿಗಬೇಡಿ."

ಇನ್‌ಸ್ಪೆಕ್ಟರ್ ಮೇಜಿನ ಪಕ್ಕ ನೆಲಕ್ಕೆ ಕುಸಿದು ಕೂತು ಹೆಡ್‌ಸೆಟ್ ಬಲಗಿವಿಗೆ ಒತ್ತಿಕೊಂಡಳು. ಅಲ್ಲಿಂದ ಪರದೆ ಕಾಣುತ್ತಿರಲಿಲ್ಲ. ಆದರೆ ಎದುರಿನ ಬಾಗಿಲಿನ ಗಾಜಿನಲ್ಲಿ ಅದರ ಪ್ರತಿಬಿಂಬ ಬಿದ್ದಿತ್ತು: ಟೋಪಿ, ಮಾಸ್ಕು, ಎರಡು ಕೈ. ಹತ್ತು ಬೆರಳು.

ಅದೇ ಗಾಜಿನ ಆಚೆ, ಕಾರಿಡಾರಿನಲ್ಲಿ, ಮ್ಯಾನೇಜರ್ ಉಗುರು ಕಚ್ಚುತ್ತ ನಿಂತಿದ್ದ. ಸರಿ, ಹಲ್ಲಿನ ಕಥೆ ನಿಜವೇ ಇರಬೇಕು. ಅನುಮಾನದ ಪಟ್ಟಿಯಿಂದ ಒಂದು ಹೆಸರು ಹೋಯಿತು.

ಆ ಕಡೆ ಫೋನ್ ರಿಂಗಾಯಿತು. ಅಕ್ಕ ಎತ್ತಿದಳು.

"ನಮಸ್ಕಾರ, ರಿಲೇ ಸೆಂಟರ್, ಇಂಟರ್‌ಪ್ರಿಟರ್ ನಂಬರ್ ಏಳು. ನಿಮಗೊಂದು ಕರೆ ಇದೆ," ಅಂದಳು ಏಳನೆಯವಳು. ಗಾಜಿನಲ್ಲಿ ಕೈಗಳು ಓಡಿದವು. ಅವಳ ದನಿ ಬದಲಾಯಿತು, ಅವಸರದ ದನಿ. "ಅಕ್ಕಾ, ನಾನು. ಪೊಲೀಸ್ ಬಂದಿದ್ರಾ?"

"ಬಂದಿದ್ರು. ಬೆಳಿಗ್ಗೇನೇ. ಒಬ್ಬ ಹೆಂಗಸು," ಅಂದಳು ಅಕ್ಕ. ಉಸಿರು ಏರಿತ್ತು. "ನೀವು ಹೇಳಿಕೊಟ್ಟ ಹಾಗೇ ಹೇಳ್ದೆ."

ಇನ್‌ಸ್ಪೆಕ್ಟರ್ ಹೆಡ್‌ಸೆಟ್ಟನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು.

ನೀವು.

ಬೆನ್ನ ಹಿಂದೆ ಹುಟ್ಟಿದ ತಮ್ಮನಿಗೆ 'ನೀವು' ಅನ್ನುವ ಅಕ್ಕ ಎಲ್ಲಿದ್ದಾಳೆ? ಕೈಯ ಮಾತಿಗೆ ಬಂದಾಗ ನೀನೂ ನೀವೂ ಒಂದೇ, ಎದುರಿನವನ ಕಡೆ ಒಂದು ಬೆರಳು. ಪರದೆಯ ಆ ಕಡೆ ಇದ್ದವನಿಗೆ ಅದು ತಲುಪಲೇ ಇಲ್ಲ. ಕೇಳಿಸಿಕೊಂಡ ಕಿವಿಗೆ ಮಾತ್ರ ಅದು ಸೂಜಿಯ ಹಾಗೆ ಚುಚ್ಚಿತು. ಅಕ್ಕನಿಗೆ ಗೊತ್ತಿದೆ. ಮಂಗಳವಾರದಿಂದಲೂ ಗೊತ್ತಿದೆ.

"ಪುಸ್ತಕ ಎಲ್ಲಿ?" ಅಂದಳು ಏಳನೆಯವಳು, ಪರದೆಯಲ್ಲಿದ್ದವನ ಪರವಾಗಿ.

"ಇಲ್ಲೇ ಇದೆ. ಹಾಸಿಗೆ ಕೆಳಗೆ, ಅವನೇ ತಂದಿಟ್ಟಿದ್ದ. ತಗೊಂಡ್ಹೋಗಿ, ನನಗೇನೂ ಬೇಡ, ನಾನು ಯಾರಿಗೂ ಹೇಳಲ್ಲ." ಅಕ್ಕ ಅಂಗಲಾಚಿದಳು. "ಅವನು ಏನಾದ್ರೂ ತಿಂದ್ನಾ? ಅದೊಂದು ಹೇಳಿ. ಖಾರ ಹಾಕಿದ್ರೆ ಅವನು ಮುಟ್ಟಲ್ಲ."

ಏಳನೆಯವಳ ಕೈಗಳು ಅದನ್ನೂ ಹೇಳಿದವು. ಒಂದು ಮಾತೂ ಬಿಡದೆ.

ಇನ್‌ಸ್ಪೆಕ್ಟರ್ ಮೊಬೈಲಿನಲ್ಲಿ ಬೆರಳು ಓಡಿಸಿದಳು: ಅಕ್ಕನ ಮನೆಗೆ ಹೊರಡಿ. ಈಗಲೇ. ಕೆಳಗೆ ಜೀಪು ಗೇಟು ದಾಟಿದ ಸದ್ದು ಬಂತು. ಇಪ್ಪತ್ತು ನಿಮಿಷದ ದಾರಿ. ಆಮೇಲೆ ತಲೆಯೆತ್ತಿ, ತುಟಿಯಲ್ಲಷ್ಟೇ ಅಂದಳು: "ಎಲ್ಲಿದ್ದಾನೆ ಕೇಳಿ."

ಏಳನೆಯವಳು ತಲೆ ಅಲ್ಲಾಡಿಸಿದಳು. ಇಲ್ಲ.

"ಕೇಳಿ!"

ಇಲ್ಲ.

ಆದರೆ ಮರುಕ್ಷಣ ಅವಳು ಪರದೆಯ ಕಡೆ ಕಣ್ಣು ಕಿರಿದು ಮಾಡಿ, ಕೈಯಲ್ಲಿ ಏನೋ ಕೇಳಿದಳು. ಜೊತೆಗೇ ಫೋನಿಗೂ ಹೇಳಿದಳು: "ಇಂಟರ್‌ಪ್ರಿಟರ್ ಮಾತಾಡ್ತಿರೋದು. ಚಿತ್ರ ಮಬ್ಬಾಗಿದೆ. ಸ್ವಲ್ಪ ಬೆಳಕಿನ ಕಡೆ ತಿರುಗಿ ಅಂತ ಕೇಳ್ತಿದ್ದೀನಿ."

ಅದು ನಿಯಮದೊಳಗೇ ಇತ್ತು. ದಿನಕ್ಕೆ ಹತ್ತು ಸಲ ಎಲ್ಲ ಇಂಟರ್‌ಪ್ರಿಟರುಗಳೂ ಕೇಳುವ ಮಾತು.

ಗಾಜಿನಲ್ಲಿ ಚಿತ್ರ ಓಲಾಡಿತು. ಟೋಪಿಯವನು ಫೋನ್ ಎತ್ತಿ ಬೇರೆ ಕಡೆ ಇಟ್ಟ. ಎತ್ತರದ ಕಿಟಕಿ, ಗೋಡೆಗೆ ಪೇರಿಸಿದ ಶಾಲೆ ಮಕ್ಕಳ ಪುಟ್ಟ ಪುಟ್ಟ ಬೆಂಚುಗಳು. ಬೆಂಚುಗಳ ಮುಂದೆ ಕುರ್ಚಿಯಲ್ಲಿ ಇನ್ನೊಬ್ಬ.

ಏಳನೆಯವಳು ಪರದೆಯ ಕಡೆ ಬಾಗಿದಳು.

ಕುರ್ಚಿಯಲ್ಲಿದ್ದವನ ಮಣಿಕಟ್ಟುಗಳಿಗೆ ಹಗ್ಗ. ಬೆರಳು ಮಾತ್ರ ಬಿಡುವಾಗಿದ್ದವು. ಬಲಗೈಯಲ್ಲಿ ಮೂರು. ಅವನು ಪರದೆಯೊಳಗಿನ ಹೆಂಗಸನ್ನು ನೋಡಿದ. ಮೊದಲು ನಂಬಲಿಲ್ಲ. ಆಮೇಲೆ ಟೋಪಿಯವನ ಬೆನ್ನ ಹಿಂದೆ, ಮಡಿಲಲ್ಲೇ, ಆ ಬೆರಳುಗಳು ಮೆಲ್ಲಗೆ ಏಳತೊಡಗಿದವು. ಬಾಯಲ್ಲಿ ಕೂಗಿದ್ದರೆ ಟೋಪಿಯವನಿಗೆ ಕೇಳಿಸಿಬಿಡುತ್ತಿತ್ತು. ಕೈಯ ಮಾತಿಗೆ ಸದ್ದಿಲ್ಲ.

ಅಷ್ಟರಲ್ಲಿ ಹೆಡ್‌ಸೆಟ್ಟಿನೊಳಗೆ ದಪ್, ದಪ್, ದಪ್.

"ಯಾರೋ ಬಾಗಿಲು ತಟ್ತಿದ್ದಾರೆ," ಅಂದಳು ಅಕ್ಕ.

ಏಳನೆಯವಳು ಅದನ್ನೂ ಕೈಯಲ್ಲಿ ಹೇಳಿದಳು: ಬಾಗಿಲು, ಯಾರೋ ತಟ್ಟುತ್ತಿದ್ದಾರೆ. ಹೇಳಲೇಬೇಕು. ಸದ್ದೂ ಮಾತೇ.

ಇನ್‌ಸ್ಪೆಕ್ಟರ್ ಲೆಕ್ಕ ಹಾಕಿದಳು. ಜೀಪು ಹೊರಟು ಎರಡು ನಿಮಿಷವೂ ಆಗಿಲ್ಲ. ಇದು ತನ್ನವರಲ್ಲ.

ಗಾಜಿನಲ್ಲಿ ಟೋಪಿಯವನ ಕೈ ಆಡಿತು. ಅಚ್ಚುಕಟ್ಟಾದ ಕೈ, ಒಂದಿಷ್ಟೂ ಗಾಬರಿ ಇಲ್ಲ. ಅವನ ಹಿಂದೆ, ಬೆಳಕು ಬಿದ್ದ ಮಡಿಲಲ್ಲಿ, ಎಂಟು ಬೆರಳು ಒಂದೇ ಸನ್ನೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದವು.

ಒಂದೇ ಪರದೆ, ಎರಡು ಜೊತೆ ಕೈ. ದಾಟಿಸಲು ಇದ್ದದ್ದು ಒಂದೇ ದನಿ.

"ಹಲೋ?" ಅಂದಳು ಅಕ್ಕ. "ಏನಂತಿದ್ದೀರಿ? ತೆಗೀಲಾ?"

ಇನ್‌ಸ್ಪೆಕ್ಟರ್‌ಗೆ ಸನ್ನೆ ಅರ್ಥವಾಗದು. ಅವಳಿಗೆ ಓದಲು ಸಿಕ್ಕಿದ್ದು ಏಳನೆಯವಳ ಮುಖವೊಂದೇ. ಆ ಮುಖದಲ್ಲಿ ಏನೋ ಹೊಯ್ದಾಡಿ ನಿಂತಿತು. ಖಾತೆ ಯಾರದೋ ಮಾತು ಅವರದು.

"ಜಡೆ," ಅಂದಳು ಏಳನೆಯವಳು. ದನಿ ಈಗ ಬೇರೆಯೇ ಇತ್ತು. "ಜಡೆ ಎಳೆಯೋ ಹಾಗೆ... ಕೈಯಲ್ಲಿ ನಿಮ್ಮ ಹೆಸರು, ನಿಮ್ಮನ್ನ ಜಡೆ ಅಂತ ಕರೀತಿದ್ದೀನಿ. ಜಡೇ, ತೆಗೀಬೇಡ. ಬಾಗಿಲು ತೆಗೀಬೇಡ. ಅವರು ನನ್ನ ಬಿಡಲ್ಲ, ನಿನ್ನೂ ಬಿಡಲ್ಲ. ತೆಗೀಬೇಡ ಜಡೇ."

ಅಕ್ಕನ ದನಿ, ಎಲ್ಲೋ ಆಳದಿಂದ ಬಂದ ಹಾಗೆ:

"ಪುಟ್ಟಾ? ನೀನಾ?"

ಟೋಪಿಯವನು ಪರದೆಯೊಳಗಿನ ತುಟಿಗಳನ್ನೇ ನೋಡುತ್ತಿದ್ದ. ತಾನು ಹೇಳಿದ್ದಕ್ಕೂ ಆ ತುಟಿಗಳ ಚಲನೆಗೂ ತಾಳೆಯಾಗಲಿಲ್ಲ. ಸರಕ್ಕನೆ ಹಿಂದೆ ತಿರುಗಿದ. ಕುರ್ಚಿ ಉರುಳಿತು. ಮೇಲ್ಛಾವಣಿ, ಕಿಟಕಿ, ಒಂದು ಅಂಗೈ. ಪರದೆ ಕಪ್ಪಾಯಿತು.

ಇನ್‌ಸ್ಪೆಕ್ಟರ್ ಎದ್ದು ನಿಂತಳು. "ಅಕ್ಕನ ಲೈನು?"

"ಇದೆ. ಇನ್ನೂ ಇದೆ."

"ಅಮ್ಮಾ, ನಾನು ಇನ್‌ಸ್ಪೆಕ್ಟರ್!" ಅವಳು ಏಳನೆಯವಳ ಮೈಕನ್ನೇ ಎಳೆದುಕೊಂಡಳು. "ಬೆಳಿಗ್ಗೆ ಬಂದಿದ್ದೆನಲ್ಲ, ನಾನೇ. ಒಳಕೋಣೆಗೆ ಹೋಗಿ ಬಾಗಿಲು ಹಾಕ್ಕೊಳ್ಳಿ. ನಮ್ಮೋರು ಬರ್ತಿದ್ದಾರೆ. ಕೇಳಿಸ್ತಾ?"

ಉತ್ತರವಿಲ್ಲ. ಫೋನನ್ನು ಎಲ್ಲೋ ಇಟ್ಟುಬಿಟ್ಟಿದ್ದಳು ಅಥವಾ ಕೈಯಿಂದ ಜಾರಿತ್ತು. ಬರಿಗಾಲಿನ ಓಟ. ಏನೋ ಉರುಳಿದ್ದು. ಆಮೇಲೆ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು, ಚಿಲಕದ್ದು.

"ಹಾಕಿದ್ದಾ, ತೆಗೆದದ್ದಾ?" ಇನ್‌ಸ್ಪೆಕ್ಟರ್ ಪಿಸುಗುಟ್ಟಿದಳು.

ಏಳನೆಯವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಮತ್ತೆ ಹೆಜ್ಜೆ. ಈ ಸಲ ಬರಿಗಾಲಲ್ಲ. ನಿಧಾನ, ಬೂಟಿನ ಹೆಜ್ಜೆ. ಹತ್ತಿರ, ಇನ್ನೂ ಹತ್ತಿರ. ಯಾರೋ ಫೋನ್ ಎತ್ತಿಕೊಂಡರು.

ಗಂಡಸಿನ ದನಿ. ಸಿಟ್ಟಿಲ್ಲ, ಅವಸರವಿಲ್ಲ, ಬೀದಿಯಲ್ಲಿ ವಿಳಾಸ ವಿಚಾರಿಸುವವರ ಹಾಗೆ ಮೆತ್ತಗೆ ಕೇಳಿತು.

"ಏಳನೇ ನಂಬರಿನೋರಾ? ನಿಮ್ಮ ಕೆಲಸ ಎಷ್ಟು ಗಂಟೆಗೆ ಮುಗಿಯುತ್ತಮ್ಮಾ?"